ಹಳೆಯ ಮೌಸರ್‌ನಿಂದ ಬೇಟೆ ರೈಫಲ್: ಅರ ಎಲ್ಲಿ ಹಾಕಬೇಕು, ಎಲ್ಲಿ ಮುಟ್ಟಬಾರದು

ಪ್ರಶ್ನೆ: ನನ್ನ ಹತ್ತಿರ ಜೆಕೊಸ್ಲೊವಾಕಿಯಾದ ಬ್ರ್ನೋ ಕಾರ್ಖಾನೆಯ ವಿ.ಝಡ್.-24 ಸೇನಾ ರೈಫಲ್ ಇದೆ. ಹಿಂದೆ ಯಾರೋ ಮುಂಭಾಗದ ಮರ ಕತ್ತರಿಸಿಬಿಟ್ಟಿದ್ದಾರೆ. ಬೋಲ್ಟಿನ (ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಸರಳು) ಮೇಲಿನ ಅಂಕಿ ರಿಸೀವರಿನ (ಬೋಲ್ಟ್ ಓಡಾಡುವ, ನಳಿಗೆ ಕೂರುವ ಉಕ್ಕಿನ ಮೈ) ಅಂಕಿಗೆ ತಾಳೆಯಾಗುವುದಿಲ್ಲ, ನಳಿಗೆಯೊಳಗೆ ತುಕ್ಕಿನ ಗುಳಿಗಳಿವೆ. ಇದನ್ನು 30-06 ತೋಟಾದ, ಸ್ಕೋಪ್ ಕೂರಿಸಿದ ಬೇಟೆ ರೈಫಲ್ ಮಾಡಿಕೊಳ್ಳಬೇಕೆಂದಿದ್ದೇನೆ. ಏನೇನು ಬದಲಾಗಬೇಕು, ಯಾವುದು ಮೊದಲು ಯಾವುದು ಆಮೇಲೆ? ಸ್ವಂತ ವರ್ಕ್‌ಶಾಪಿನಲ್ಲಿ ಎಷ್ಟು ಮಾಡಬಹುದು, ಗನ್‌ಸ್ಮಿತ್‌ಗೆ ಎಷ್ಟು ಬಿಡಬೇಕು?

ಉತ್ತರ: ನಿಮ್ಮ ರೈಫಲ್ ಜರ್ಮನಿಯ ಮೌಸರ್ 98 ಮಾದರಿಯದು, ಈ ಕೆಲಸಕ್ಕೆ ತಕ್ಕದ್ದೇ. ಮರ ಆಗಲೇ ಕತ್ತರಿಸಿದೆ, ಅಂಕಿಗಳು ಹೊಂದುವುದಿಲ್ಲ, ನಳಿಗೆ ಹಾಳಾಗಿದೆ. ಹೀಗಾಗಿ ಸಂಗ್ರಹಕಾರರ ಲೆಕ್ಕದಲ್ಲಿ ಅದಕ್ಕೆ ಹೆಚ್ಚಿನ ಬೆಲೆ ಉಳಿದಿಲ್ಲ. ಎಲ್ಲ ಅಂಕಿಗಳೂ ಹೊಂದುವ, ಮೂಲ ಮರ ಮೂಲ ನಳಿಗೆ ಇರುವ ಸೇನಾ ರೈಫಲ್ ಆಗಿದ್ದರೆ ಅರ ಮುಟ್ಟಿಸಬೇಡಿ ಎನ್ನುತ್ತಿದ್ದೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು, ಒಳ್ಳೆಯ ಮೂಲ ಪ್ರತಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹಣ ಉಳಿಯುತ್ತದೆ ಎಂಬ ಲೆಕ್ಕದಲ್ಲಿ ಹೊರಟಿದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಿ. ನಳಿಗೆ, ಸ್ಟಾಕ್ (ಮರದ ಮೈ), ಟ್ರಿಗರ್, ಸ್ಕೋಪ್ ಬೇಸು, ಗನ್‌ಸ್ಮಿತ್ ಕೂಲಿ ಎಲ್ಲ ಕೂಡಿದರೆ ಹೊಸ ಕಾರ್ಖಾನೆ ರೈಫಲಿನ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ಈ ಕೆಲಸಕ್ಕೆ ಕೈ ಹಾಕುವುದು ಆ್ಯಕ್ಷನ್ (ರಿಸೀವರ್, ಬೋಲ್ಟ್ ಕೂಡಿದ ಯಂತ್ರಭಾಗ) ಒಳ್ಳೆಯದು ಎಂಬ ಕಾರಣಕ್ಕೆ.

ಕಾನೂನಿನ ಮಾತು ಚಿಕ್ಕದು, ಆದರೆ ಮೊದಲಿನದು. ತೋಟಾದ ಅಳತೆ ಬದಲಾದರೆ ಪರವಾನಗಿಯ ದಾಖಲೆಯೂ ಬದಲಾಗಬೇಕು. ಎಷ್ಟೋ ದೇಶಗಳಲ್ಲಿ ನಳಿಗೆ ಬದಲಿಸುವ ಕೆಲಸವನ್ನು ಪರವಾನಗಿ ಇರುವವರೇ ಮಾಡಬೇಕು. ಬಂದೂಕು ಪರೀಕ್ಷೆಯ ಅಂತರರಾಷ್ಟ್ರೀಯ ಮಂಡಳಿಯಾದ ಸಿ.ಐ.ಪಿ.ಯ ಸದಸ್ಯ ದೇಶಗಳಲ್ಲಿ ಹೊಸ ನಳಿಗೆ ಕೂರಿಸಿದ ಮೇಲೆ ಪ್ರೂಫ್ ಹೌಸಿಗೆ ಕಳಿಸಿ ಮತ್ತೆ ಪರೀಕ್ಷೆ ಮಾಡಿಸಬೇಕಾಗುತ್ತದೆ. ಅಲ್ಲಿ ಆ ತೋಟಾಗೆ ನಿಗದಿಯಾದ ಗರಿಷ್ಠ ಒತ್ತಡಕ್ಕಿಂತ ಶೇ. 25ರಷ್ಟು ಹೆಚ್ಚಿನ ಒತ್ತಡದ ತೋಟಾ ಹಾರಿಸಿ ನೋಡುತ್ತಾರೆ. ಇವನ್ನೆಲ್ಲ ವಿಚಾರಿಸಿಕೊಂಡೇ ಸ್ಕ್ರೂಡ್ರೈವರ್ ಹಿಡಿಯಿರಿ.

ಮುಂದೆ ಹೇಳುವುದೆಲ್ಲ ಒಂದು ಸಂಗತಿಯ ಮೇಲೆ ನಿಂತಿದೆ, ಅದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. 98 ಮಾದರಿಯ ಮೌಸರ್ ರಿಸೀವರ್ ಇಂದಿನ ಮಿಶ್ರ ಉಕ್ಕಿನಂತೆ ಒಳಗೂ ಹೊರಗೂ ಒಂದೇ ಗಡಸಿನದಲ್ಲ. ಅದು ಕಡಿಮೆ ಇಂಗಾಲದ, ಮೆತ್ತನೆಯ, ಬಾಗುವ ಉಕ್ಕು. ಮೇಲ್ಪದರಕ್ಕೆ ಮಾತ್ರ ಇಂಗಾಲ ಕುಡಿಸಿ ಗಡಸು ಮಾಡಿರುತ್ತಾರೆ. ಆ ಗಡಸು ಚರ್ಮದ ದಪ್ಪ ಒಂದು ಮಿಲಿಮೀಟರೂ ಇರುವುದಿಲ್ಲ. ಒಳಗಿನ ಮೆತ್ತನೆ ಭಾಗ ಬಿರುಕು ಬಿಡದಂತೆ ಕಾಯುತ್ತದೆ, ಹೊರಗಿನ ಗಡಸು ಸವೆತವನ್ನೂ ಒತ್ತಡವನ್ನೂ ತಡೆಯುತ್ತದೆ. ಬೋಲ್ಟನ್ನು ಬೀಗದಂತೆ ಹಿಡಿಯುವ ಎರಡು ಮುಂದಿನ ಉಬ್ಬುಗಳು, ಅಂದರೆ ಲಗ್‌ಗಳು ಒರಗಿ ನಿಲ್ಲುವ ಜಾಗದಲ್ಲಿ ಈ ಚರ್ಮವನ್ನು ತೇಯ್ದುಬಿಟ್ಟರೆ ಪ್ರತಿ ಗುಂಡಿಗೂ ಲಗ್‌ಗಳು ಮೆತ್ತನೆ ಉಕ್ಕಿನೊಳಗೆ ಚೂರು ಚೂರೇ ಇಳಿಯುತ್ತವೆ. ಮೊದಲು ಬೋಲ್ಟ್ ಎತ್ತುವುದು ಬಿಗಿಯಾಗುತ್ತದೆ, ಆಮೇಲೆ ಹೆಡ್‌ಸ್ಪೇಸ್ (ಬೋಲ್ಟ್ ಮುಖದಿಂದ ನಳಿಗೆಯ ಗೂಡಿನಲ್ಲಿ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಂತರ) ಬೆಳೆಯುತ್ತದೆ, ಕೊನೆಗೆ ತೋಟಾದ ಹಿತ್ತಾಳೆ ಬುಡದ ಹತ್ತಿರ ಹರಿಯುತ್ತದೆ. ಬೋಲ್ಟ್ ನುಣುಪಾಗಲಿ ಎಂದು ಲಗ್‌ಗಳಿಗೆ ಪುಡಿ ಹಾಕಿ ತಿಕ್ಕಿ ಹಾಳಾದ ಆ್ಯಕ್ಷನ್‌ಗಳು, ಯುದ್ಧದಲ್ಲಿ ಸವೆದು ಹಾಳಾದವುಗಳಿಗಿಂತ ಹೆಚ್ಚೇ ಇದ್ದಾವು.

ಆದ್ದರಿಂದ ಮೊದಲ ಕೆಲಸ ತಪಾಸಣೆ. ರೈಫಲ್ ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಂಡು ಪೂರ್ತಿ ಬಿಚ್ಚಿ. ಎಣ್ಣೆ, ಗ್ರೀಸು ಎಲ್ಲವನ್ನೂ ದ್ರಾವಕದಲ್ಲಿ ತೊಳೆಯಿರಿ. ಲಗ್‌ಗಳ ಹಿಂಬದಿಗೆ ನೀಲಿ ಲೇಔಟ್ ಬಣ್ಣ ಬಳಿದು, ಬೋಲ್ಟನ್ನು ಹಿಂದಕ್ಕೆ ಒತ್ತಿ ಹಿಡಿದು ಹಲವು ಸಲ ತೆರೆದು ಮುಚ್ಚಿ. ಎರಡು ಲಗ್‌ಗಳಲ್ಲೂ ಬಣ್ಣ ಉಜ್ಜಿಹೋಗಿರಬೇಕು. ಒಂದರಲ್ಲಿ ಮಾತ್ರ ಹೋಗಿದ್ದರೆ ಇಡೀ ಹೊರೆ ಆ ಒಂದೇ ಲಗ್ ಮೇಲಿದೆ ಎಂದರ್ಥ. ನಿಮ್ಮ ಬೋಲ್ಟ್ ಬೇರೆ ರೈಫಲಿನದಾದ್ದರಿಂದ ಈ ಪರೀಕ್ಷೆ ಬಿಡಲೇಬೇಡಿ. ನಂತರ ಬಿರುಕು ಹುಡುಕುವ ಡೈ ಪೆನಿಟ್ರೆಂಟ್ ಹಚ್ಚಿ ಲಗ್‌ಗಳ ಬುಡ, ರಿಸೀವರ್ ಉಂಗುರ, ಎಡಗೋಡೆಯಲ್ಲಿ ಹೆಬ್ಬೆರಳಿಗಾಗಿ ತಗ್ಗಿಸಿರುವ ಜಾಗ ಇಷ್ಟನ್ನೂ ನೋಡಿ. ಕಾಂತದಿಂದ ಬಿರುಕು ಹುಡುಕುವ ಮ್ಯಾಗ್ನಾಫ್ಲಕ್ಸ್ ಪರೀಕ್ಷೆ ಸಿಗುವಂತಿದ್ದರೆ ಅದು ಇನ್ನೂ ಮೇಲು. ಲಗ್ ಒರಗುವ ಗೋಡೆಯ ಮೇಲೆ ಉಗುರಿಗೆ ತಾಗುವ ಮೆಟ್ಟಿಲು ಕಂಡರೆ ಆ ರಿಸೀವರ್ ಕೆಲಸ ಮುಗಿಸಿದೆ. ಅದರ ಮೇಲೆ ಹಣ ಸುರಿಯಬೇಡಿ.

ಬೇರೆ ಸೇನಾ ರೈಫಲುಗಳನ್ನು ಹಿಡಿದುಕೊಂಡು ಇದನ್ನು ಓದುವವರಿಗೆ ಎರಡು ಮಾತು. ಅಮೆರಿಕದ 1903 ಸ್ಪ್ರಿಂಗ್‌ಫೀಲ್ಡಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯ ಸುಮಾರು 8,00,000ಕ್ಕಿಂತ ಕೆಳಗಿನ, ರಾಕ್ ಐಲೆಂಡಿನ 2,85,507ಕ್ಕಿಂತ ಕೆಳಗಿನ ಸರಣಿ ಅಂಕಿಯ ರಿಸೀವರುಗಳನ್ನು ಹಾರಿಸುವ ರೈಫಲಿಗೆ ಬಳಸುವುದಿಲ್ಲ. ಕುಲುಮೆಯ ಕಾವನ್ನು ಕೆಲಸಗಾರರು ಕಣ್ಣಂದಾಜಿನಲ್ಲಿ ನೋಡುತ್ತಿದ್ದ ಕಾಲದ ಉಕ್ಕು ಅದು. ಕೆಲವು ಸುಟ್ಟು ಗಾಜಿನಂತೆ ಪೆಡಸಾಗಿವೆ. 1917 ಎನ್‌ಫೀಲ್ಡ್ ಬಲವಾದದ್ದು, ದೊಡ್ಡದು. ಅದರಲ್ಲಿ ನಳಿಗೆಯನ್ನು ವಿಪರೀತ ಬಿಗಿದಿರುತ್ತಾರೆ, ನೇರವಾಗಿ ತಿರುಗಿಸಿದರೆ ರಿಸೀವರ್ ಬಿರುಕು ಬಿಡಬಹುದು. ಎಡ್ಡಿಸ್ಟೋನ್ ಕಾರ್ಖಾನೆಯವಕ್ಕೆ ಈ ವಿಷಯದಲ್ಲಿ ಕೆಟ್ಟ ಹೆಸರೇ ಇದೆ. ಅಂಥದ್ದರಲ್ಲಿ ಹಳೆಯ ನಳಿಗೆಯ ಭುಜದ ಮುಂದೆ ಲೇತಿನಲ್ಲಿ ಒಂದು ತೋಡು ಕೊರೆದು ಬಿಗಿ ಸಡಿಲಿಸಿ ಆಮೇಲೆ ಬಿಚ್ಚಬೇಕು. 93, 95, 96 ಮೌಸರ್‌ಗಳಲ್ಲಿ 98ರಲ್ಲಿರುವಂಥ ಹಿಂದಿನ ಮೂರನೇ ಲಗ್ ಇಲ್ಲ, ತೋಟಾದ ಬುಡದ ಪ್ರೈಮರ್ (ಪಿನ್ ಬಡಿದಾಗ ಕಿಡಿ ಹೊತ್ತಿಸುವ ಬಟ್ಟಲು) ಸೀಳಿದಾಗ ಅನಿಲವನ್ನು ಪಕ್ಕಕ್ಕೆ ಕಳಿಸುವ ವ್ಯವಸ್ಥೆಯೂ 98ರಷ್ಟು ಚೆನ್ನಾಗಿಲ್ಲ. ಅವನ್ನು ಮೂಲ ತೋಟಾಗೇ ಬಿಡುವುದು ಲೇಸು.

ಈಗ ತೋಟಾ. ವಿ.ಝಡ್.-24 ಪೂರ್ಣ ಉದ್ದದ, ದೊಡ್ಡ ಉಂಗುರದ (ನಳಿಗೆ ಕೂರುವ ಮುಂಭಾಗ ದಪ್ಪಗಿರುವ) ಆ್ಯಕ್ಷನ್. ಅದರ ಮೂಲ ತೋಟಾ 8×57ರ ಮತ್ತು 30-06ರ ಬುಡದ ಅಂಚು ಒಂದೇ ಅಳತೆಯದು, ಸುಮಾರು 12 ಮಿ.ಮೀ. ಹಾಗಾಗಿ ಬೋಲ್ಟಿನ ಮುಖವನ್ನಾಗಲಿ ಎಕ್ಸ್‌ಟ್ರಾಕ್ಟರನ್ನಾಗಲಿ (ಹಾರಿದ ತೋಟಾದ ಕೋಶವನ್ನು ಎಳೆಯುವ ಕೊಕ್ಕೆ) ತೇಯುವ ಅಗತ್ಯವಿಲ್ಲ. 270, 25-06, 7×57, 308 ಇವಕ್ಕೂ ಇದೇ ಮಾತು ಸಲ್ಲುತ್ತದೆ. ಮ್ಯಾಗ್ನಮ್ ತೋಟಾದ ಆಸೆ ಇಟ್ಟುಕೊಳ್ಳಬೇಡಿ. ಅದಕ್ಕೆ ಬೋಲ್ಟ್ ಮುಖ ಅಗಲಿಸಬೇಕು, ತೋಟಾಗಳನ್ನು ಹಿಡಿದಿಡುವ ಫೀಡ್ ರೈಲ್ ಕೆತ್ತಬೇಕು, ತೋಟಾ ಪೆಟ್ಟಿಗೆ (ಮ್ಯಾಗಝೀನ್) ಉದ್ದ ಮಾಡಬೇಕು. ಅಷ್ಟು ಮಾಡುವ ಹೊತ್ತಿಗೆ ಮೌಸರಿನ ಬಲವೆಲ್ಲ ಕಬ್ಬಿಣದ ಪುಡಿಯಾಗಿ ನೆಲದ ಮೇಲೆ ಬಿದ್ದಿರುತ್ತದೆ. ಹಳೆಯ 8 ಮಿ.ಮೀ. ನಳಿಗೆಯನ್ನೇ ಉಳಿಸಿಕೊಂಡು ಚೇಂಬರನ್ನು (ನಳಿಗೆಯ ಹಿಂತುದಿಯ ತೋಟಾ ಗೂಡು) 30-06ರ ಕೇಸಿಗೆ (ತೋಟಾದ ಹಿತ್ತಾಳೆ ಕೋಶ) ಹಿಗ್ಗಿಸುವ 8 ಮಿ.ಮೀ.-06 ಎಂಬ ದಾರಿಯೂ ಒಂದುಂಟು. ಆದರೆ ಅದಕ್ಕೆ ತೋಟಾಗಳನ್ನು ಕೈಯಾರೆ ತುಂಬಿಕೊಳ್ಳಬೇಕು. ನಿಮ್ಮ ನಳಿಗೆ ಹೇಗೂ ಗುಳಿಬಿದ್ದದ್ದು, ಆ ದಾರಿ ಬಿಡಿ.

30-06ರಲ್ಲಿ ತೊಡಕು ಇರುವುದು ಉದ್ದದಲ್ಲಿ. 8×57ರ ಗರಿಷ್ಠ ಉದ್ದ 82 ಮಿ.ಮೀ., 30-06ರದ್ದು 84.84 ಮಿ.ಮೀ. ಸೇನಾ ಪೆಟ್ಟಿಗೆಯೊಳಗೆ ಇದು ಹಿಡಿಸಿದರೂ ಕೂದಲೆಳೆಯ ಅಂತರ. ವರ್ನಿಯರ್ ಕ್ಯಾಲಿಪರಿನಲ್ಲಿ ಪೆಟ್ಟಿಗೆಯ ಒಳ ಉದ್ದ ಅಳೆಯಿರಿ, ನೀವು ಬಳಸಬೇಕೆಂದಿರುವ ತೋಟಾವನ್ನೂ ಅಳೆಯಿರಿ. ಬೇಟೆಯ ಮೃದು ಮೂತಿಯ ತೋಟಾಗಳಲ್ಲಿ ಹಲವು ಗರಿಷ್ಠ ಉದ್ದಕ್ಕಿಂತ ಗಿಡ್ಡವೇ ಇರುತ್ತವೆ. ಸಾಲದೇ ಬಂದರೆ ಪೆಟ್ಟಿಗೆಯ ಮುಂಗೋಡೆಯನ್ನು ಒಳಗಿನಿಂದ ತೆಳುವು ಮಾಡಿ. ರಿಸೀವರಿನಲ್ಲಿ ತೋಟಾ ಹತ್ತಿಬರುವ ಇಳಿಜಾರನ್ನು ಹಿಂದಿನಿಂದ ಮುಂದಕ್ಕೆ ಕೆತ್ತುತ್ತಾ ಹೋಗಬೇಡಿ. ಕೆಳಗಿನ ಲಗ್ ಒರಗುವ ಗೋಡೆ ಆ ಇಳಿಜಾರಿನ ಬೆನ್ನಿಗೇ ಇದೆ. ಕೆತ್ತಿದಷ್ಟೂ ಅದು ತೆಳುವಾಗುತ್ತದೆ. ಯುಗೊಸ್ಲಾವಿಯಾದ ಎಂ-48ರಂಥ ಗಿಡ್ಡ ಆ್ಯಕ್ಷನ್‌ಗಳಿಗೆ 30-06 ಬೇಡ ಎನ್ನುವುದೂ ಇದೇ ಕಾರಣಕ್ಕೆ.

ಪೆಟ್ಟಿಗೆಯ ಅಗಲಕ್ಕೂ ಒಂದು ಲೆಕ್ಕವಿದೆ, ಮೌಸರಿನವರು ಅದನ್ನು ಅಂದಾಜಿಗೆ ಬಿಟ್ಟಿರಲಿಲ್ಲ. ಎಡಬಲ ಸಾಲಿನಲ್ಲಿ ತೋಟಾಗಳು ಒಂದಕ್ಕೊಂದು 30 ಡಿಗ್ರಿಯಲ್ಲಿ ಒರಗಿ ಕೂತಾಗ ಪೆಟ್ಟಿಗೆಯ ಒಳ ಅಗಲ ಕೇಸಿನ ವ್ಯಾಸದ 1.866 ಪಟ್ಟು ಇರಬೇಕು. 30-06ರ ಬುಡ 11.94 ಮಿ.ಮೀ., ಅಂದರೆ ಹಿಂದೆ 22.3 ಮಿ.ಮೀ. ಅಗಲ, ಕೇಸು ಕಿರಿದಾಗತೊಡಗುವ ಭುಜದಲ್ಲಿ ಅದು 11.2 ಮಿ.ಮೀ., ಅಲ್ಲಿ 20.9 ಮಿ.ಮೀ. ಅಗಲ. ನಿಮ್ಮ ಪೆಟ್ಟಿಗೆ ಮುಂದಕ್ಕೆ ಹೋಗುತ್ತಾ ಕಿರಿದಾಗುವುದು 8×57ರ ಭುಜಕ್ಕೆ ತಕ್ಕಂತೆ. 30-06ರ ಕೇಸು ಉದ್ದ, ಭುಜ ಇನ್ನೂ ಮುಂದಿದೆ. ಹಾಗಾಗಿ ಮುಂಭಾಗದಲ್ಲಿ ಎರಡು ಬದಿಯೂ ಸ್ವಲ್ಪ ತೇಯಬೇಕಾದೀತು. ಪೆಟ್ಟಿಗೆ ಇಕ್ಕಟ್ಟಾದರೆ ಕೆಳಗಿನ ತೋಟಾ ಸಿಕ್ಕಿಕೊಂಡು ಮೇಲೇಳುವುದಿಲ್ಲ. ಅತಿ ಅಗಲವಾದರೆ ತೋಟಾಗಳು ಪಕ್ಕಪಕ್ಕಕ್ಕೆ ಬಿದ್ದು ಎರಡೂ ಒಟ್ಟಿಗೆ ಏಳಲು ನೋಡುತ್ತವೆ. ಕೈಯಲ್ಲಿ ಡಮ್ಮಿ ತೋಟಾ ಇಟ್ಟುಕೊಂಡು ಮಾಡುವ ಕೆಲಸ ಇದು, ಜೀವಂತ ತೋಟಾ ಬೇಡವೇ ಬೇಡ. ತೋಟಾಗಳನ್ನು ಮೇಲಕ್ಕೊತ್ತುವ ತಟ್ಟೆಯಾದ ಸೇನಾ ಫಾಲೋವರಿನ ಹಿಂದಿನ ಅಂಚು ಚೌಕವಾಗಿದ್ದು, ಪೆಟ್ಟಿಗೆ ಖಾಲಿಯಾದಾಗ ಬೋಲ್ಟ್ ಮುಂದೆ ಹೋಗದಂತೆ ಅಡ್ಡ ನಿಲ್ಲುತ್ತದೆ. ಆ ಅಂಚನ್ನು ಇಳಿಜಾರು ಮಾಡಿದರೆ ಖಾಲಿ ಪೆಟ್ಟಿಗೆಯ ಮೇಲೂ ಬೋಲ್ಟ್ ಮುಚ್ಚಿಕೊಳ್ಳುತ್ತದೆ.

ನಳಿಗೆ ಬದಲಿಸುವುದನ್ನು ಗನ್‌ಸ್ಮಿತ್‌ಗೇ ಬಿಡಿ. ಆದರೂ ಏನು ನಡೆಯಬೇಕು ಎಂಬುದು ನಿಮಗೆ ಗೊತ್ತಿರಲಿ, ಕೇಳಿ ನೋಡಲು ಬೇಕಾಗುತ್ತದೆ. ದೊಡ್ಡ ಉಂಗುರದ ಮೌಸರಿನ ನಳಿಗೆ ಥ್ರೆಡ್ 1.100 ಇಂಚು ವ್ಯಾಸ, ಇಂಚಿಗೆ 12 ಸುತ್ತು, 55 ಡಿಗ್ರಿ ಕೋನ. ಚಿಕ್ಕ ಉಂಗುರದವಕ್ಕೆ 0.980 ಇಂಚು. ಹೊರಗಿನ ಉಂಗುರ ನೋಡಿ ಥ್ರೆಡ್ ಊಹಿಸಬಾರದು: ಟರ್ಕಿಯ 1938ರ ಹಲವು ರಿಸೀವರುಗಳು ಹೊರಗೆ ದೊಡ್ಡ ಉಂಗುರ, ಒಳಗೆ ಚಿಕ್ಕ ಥ್ರೆಡ್. ನಳಿಗೆಯನ್ನು ಬ್ಯಾರೆಲ್ ವೈಸಿನಲ್ಲಿ ಹಿಡಿದು, ರಿಸೀವರಿಗೆ ಹೊಂದುವ ಆ್ಯಕ್ಷನ್ ವ್ರೆಂಚಿನಿಂದ ಮಾತ್ರ ತಿರುಗಿಸಬೇಕು. ಬೋಲ್ಟ್ ಓಡುವ ದಾರಿಯಲ್ಲಿ ಸರಳು ತೂರಿಸಿ ತಿರುಗಿಸಿದರೆ ರಿಸೀವರ್ ತಿರುಚಿಕೊಳ್ಳುತ್ತದೆ, ಆಮೇಲೆ ಯಾವ ಬೋಲ್ಟೂ ಅದರಲ್ಲಿ ನೇರವಾಗಿ ಓಡದು.

98ರ ಒಂದು ವಿಶೇಷವನ್ನು ಮರೆಯುವವರು ಬಹಳ. ಬೇರೆ ಹಲವು ರೈಫಲುಗಳಲ್ಲಿ ನಳಿಗೆಯ ಭುಜ ರಿಸೀವರಿನ ಹೊರಮುಖಕ್ಕೆ ಒತ್ತಿ ನಿಲ್ಲುತ್ತದೆ. ಮೌಸರ್ 98ರಲ್ಲಿ ರಿಸೀವರ್ ಒಳಗೇ ಒಂದು ಉಂಗುರವಿದೆ. ನಳಿಗೆಯ ಹಿಂಮುಖ ಮೊದಲು ಆ ಒಳ ಉಂಗುರಕ್ಕೆ ಬಿಗಿಯಾಗಿ ಕೂರಬೇಕು, ಹೊರಭುಜ ಅದರ ಜೊತೆಗೆ ಬಂದು ತಾಗಿದರೆ ಸಾಕು. ಹೊರಭುಜ ಮೊದಲು ಕೂತು ಒಳಗೆ ಸಂದು ಉಳಿದರೆ ಆ ಉಂಗುರ ಇದ್ದೂ ಇಲ್ಲದಂತೆ. ಕೂರಿಸುವ ಮುನ್ನ ಹಿಂಮುಖಕ್ಕೆ ನೀಲಿ ಬಣ್ಣ ಬಳಿದು ಕೈಬಿಗಿಯಲ್ಲಿ ತಿರುಗಿಸಿ ತೆಗೆದು ನೋಡಿದರೆ ಯಾವುದು ಮೊದಲು ತಾಗುತ್ತಿದೆ ಎಂದು ತಿಳಿಯುತ್ತದೆ.

ಥ್ರೆಡ್ ಮಾಡಿ, ಚೇಂಬರನ್ನು ಚೂರು ಗಿಡ್ಡವಾಗಿಯೇ ಬಿಟ್ಟ ನಳಿಗೆಗಳು ಮಾರಾಟಕ್ಕೆ ಸಿಗುತ್ತವೆ. ಅದನ್ನು ಬಿಗಿದ ಮೇಲೆ ಫಿನಿಶಿಂಗ್ ರೀಮರಿನಿಂದ (ಚೇಂಬರ್ ಕೊರೆಯುವ ಉಪಕರಣ) ಗೇಜ್ ನೋಡುತ್ತಾ ನೋಡುತ್ತಾ ಇಳಿಸುತ್ತಾರೆ. ಹೆಡ್‌ಸ್ಪೇಸ್ ನೋಡುವಾಗ ಫೈರಿಂಗ್ ಪಿನ್ ಜೋಡಣೆ, ಎಕ್ಸ್‌ಟ್ರಾಕ್ಟರ್, ಕೇಸನ್ನು ಹೊರಗೆಸೆಯುವ ಎಜೆಕ್ಟರ್ ಮೂರನ್ನೂ ತೆಗೆದಿಡಬೇಕು. ಬೋಲ್ಟ್ ತನ್ನ ಭಾರಕ್ಕೇ ಎಂಬಂತೆ ಕನಿಷ್ಠ ಅಳತೆಯ ಗೋ ಗೇಜಿನ ಮೇಲೆ ಮುಚ್ಚಿಕೊಳ್ಳಬೇಕು, ಗರಿಷ್ಠ ಅಳತೆಯ ನೋ-ಗೋ ಮೇಲೆ ಮುಚ್ಚಿಕೊಳ್ಳಬಾರದು. 30-06ಕ್ಕೆ ಗೋ ಗೇಜ್ 1.940 ಇಂಚು, ನೋ-ಗೋ ಅದಕ್ಕಿಂತ ಇಂಚಿನ ಸಾವಿರದಲ್ಲಿ ನಾಲ್ಕರಿಂದ ಆರು ಭಾಗವಷ್ಟೇ ದೊಡ್ಡದು. ಮಿಲಿಮೀಟರಿನಲ್ಲಿ ಹೇಳಿದರೆ 0.10ರಿಂದ 0.15. ಬೋಲ್ಟಿನ ಹಿಡಿಕೆಗೆ ಬಲ ಕೊಟ್ಟು ಗೇಜಿನ ಮೇಲೆ ಮುಚ್ಚಿದರೆ ಈ ಅಂತರಕ್ಕೆ ಅರ್ಥವೇ ಉಳಿಯುವುದಿಲ್ಲ, ಗೇಜೂ ಹಾಳು. ಒಂದು ರೀಮರ್ ಸುತ್ತು ಹೆಚ್ಚಾಗಿ ಚೇಂಬರ್ ಆಳವಾಗಿಬಿಟ್ಟರೆ ನಳಿಗೆ ಮತ್ತೆ ಬಿಚ್ಚಿ, ಭುಜವನ್ನೂ ಹಿಂಮುಖವನ್ನೂ ಲೇತಿನಲ್ಲಿ ಹಿಂದೆ ಸರಿಸಬೇಕು. ಕೆಲಸ ಮುಗಿದ ಮೇಲೆ ಹೊಸ ತೋಟಾದ ಹೆಸರನ್ನು ನಳಿಗೆಯ ಮೇಲೆ ಕಾಣುವಂತೆ ಕೊರೆಸಿ. ರಿಸೀವರ್ ನೋಡಿ "ಇದು 8 ಮಿ.ಮೀ." ಅಂದುಕೊಳ್ಳುವ ಇನ್ನೊಬ್ಬರ ಕೈಗೆ ಈ ರೈಫಲ್ ಒಂದು ದಿನ ಹೋಗುತ್ತದೆ.

ಬೋಲ್ಟಿನ ಹಿಡಿಕೆ. ವಿ.ಝಡ್.-24ರ ಹಿಡಿಕೆ ಅಡ್ಡಕ್ಕೆ ನೇರ; ಎತ್ತಿದಾಗ ಸ್ಕೋಪಿಗೆ ಬಡಿಯುತ್ತದೆ. ಕೆಂಪಗೆ ಕಾಯಿಸಿ ಬಗ್ಗಿಸುವುದು ಹಳೆಯ ವಿಧಾನ. ಬುಡದಲ್ಲೇ ಕತ್ತರಿಸಿ ಹೊಸ ಹಿಡಿಕೆಯನ್ನು ಟಿಗ್ ವೆಲ್ಡ್ ಮಾಡಿಸುವುದು ಅಚ್ಚುಕಟ್ಟು, ಕಾವೂ ಕಡಿಮೆ ಹರಡುತ್ತದೆ. ಎರಡರಲ್ಲೂ ಅಪಾಯವಿರುವುದು ಒಂದೇ ಜಾಗದಲ್ಲಿ. ಫೈರಿಂಗ್ ಪಿನ್ನನ್ನು ಹಿಂದಕ್ಕೆಳೆಯುವ ಕಾಕಿಂಗ್ ಕ್ಯಾಮ್ ಹಿಡಿಕೆಯ ಬುಡಕ್ಕೆ ಅಂಟಿಕೊಂಡೇ ಇದೆ. ಅಲ್ಲಿ ಹದ ಹೋದರೆ ಕ್ಯಾಮ್ ಕೆಲವು ನೂರು ಸಲ ಎತ್ತುವುದರೊಳಗೆ ಕೆರೆದು ಗಾಯವಾಗುತ್ತದೆ, ಬೋಲ್ಟ್ ಎತ್ತುವುದು ಮರಳು ತುಂಬಿದಂತಾಗುತ್ತದೆ. ಬೋಲ್ಟಿನ ಹಿಂದಿನ ಥ್ರೆಡ್ಡಿಗೆ ಲೋಹದ ಕಾವು ಹೀರುವ ಪ್ಲಗ್ ತಿರುಗಿಸಿ, ಕ್ಯಾಮ್ ಸುತ್ತ ಕಾವು ತಡೆಯುವ ಪೇಸ್ಟ್ ಮೆತ್ತಿ, ಲಗ್ ಇರುವ ತುದಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಯೇ ಬೆಂಕಿ ಮುಟ್ಟಿಸಬೇಕು. ಆಮೇಲೆ ಹಿಡಿಕೆ ಕೂರುವ ಕಡೆ ಮರದಲ್ಲೂ ಅಗತ್ಯವಿದ್ದರೆ ರಿಸೀವರಿನಲ್ಲೂ ಜಾಗ ಮಾಡಬೇಕು. ಬೋಲ್ಟ್ ಮುಚ್ಚಿದಾಗ ಹಿಡಿಕೆಯ ಬುಡ ಮರಕ್ಕೆ ಒರಗಿ ನಿಲ್ಲಬಾರದು. ನಿಂತರೆ ಲಗ್‌ಗಳು ಪೂರ್ತಿ ತಿರುಗಿರುವುದಿಲ್ಲ.

ಸೇನಾ ಸೇಫ್ಟಿ ಬೋಲ್ಟಿನ ಹಿಂದೆ ರೆಕ್ಕೆಯಂತೆ ಮೇಲಕ್ಕೇಳುತ್ತದೆ, ಸ್ಕೋಪ್ ಬಂದರೆ ಅದಕ್ಕೆ ಜಾಗವಿಲ್ಲ. ತಗ್ಗಿನಲ್ಲಿ ತಿರುಗುವ ಸೇಫ್ಟಿ, ಇಲ್ಲವೇ ವಿಂಚೆಸ್ಟರ್ 70 ಮಾದರಿಯ ಮೂರು ನಿಲುವಿನ ಸೇಫ್ಟಿ ಇರುವ ಬೋಲ್ಟ್ ಹಿಂಚಿಪ್ಪು ಹಾಕಿಸಿ. ಇವು ಫೈರಿಂಗ್ ಪಿನ್ನನ್ನೇ ಹಿಡಿಯುತ್ತವೆ. ಟಿಮ್ನಿ ಕಂಪನಿಯದರಂಥ ಬದಲಿ ಟ್ರಿಗರಿನ ಪಕ್ಕದಲ್ಲಿ ಬರುವ ಸೇಫ್ಟಿ ಟ್ರಿಗರನ್ನು ಮಾತ್ರ ತಡೆಯುತ್ತದೆ. ಅದು ಅಗ್ಗ, ಕೂರಿಸುವುದು ಸುಲಭ, ಆದರೆ ಕಾಡಿನಲ್ಲಿ ಹೊತ್ತು ತಿರುಗುವ ರೈಫಲಿಗೆ ಮೊದಲಿನದೇ ಒಳ್ಳೆಯದು. ಪಿನ್ ಹಿಡಿಯುವ ಸೇಫ್ಟಿ ಸರಿ ಕೂತಿದೆಯೇ ಎಂದು ನೋಡುವುದು ಸುಲಭ. ಸೇಫ್ಟಿ ಹಾಕುವಾಗ ಪಿನ್ನಿನ ಹಿಂತುದಿಯ ಕಾಕಿಂಗ್ ಪೀಸ್ ಕಣ್ಣಿಗೆ ಕಾಣುವಷ್ಟು, ಕೂದಲೆಳೆಯಷ್ಟಾದರೂ, ಹಿಂದೆ ಸರಿಯಬೇಕು. ಸರಿಯದಿದ್ದರೆ ಸೇಫ್ಟಿ ತೆಗೆದ ಕ್ಷಣ ರೈಫಲ್ ತಾನೇ ಹಾರೀತು.

ಸೇನಾ ಟ್ರಿಗರ್ ಎರಡು ಹಂತದ್ದು, ಭಾರ, ಆದರೆ ನಂಬಬಹುದಾದದ್ದು. ಅದನ್ನು ಹಗುರ ಮಾಡಲು ಪಿನ್ನನ್ನು ತಡೆದು ಹಿಡಿಯುವ ಸಿಯರನ್ನು ಕಲ್ಲಿನಲ್ಲಿ ತೇಯುವುದು ಬೇಡ. ಅಲ್ಲೂ ಅದೇ ಗಡಸು ಚರ್ಮ; ಅದು ಹೋದ ಮೇಲೆ ಕೋನ ದಿನದಿನಕ್ಕೂ ಬದಲಾಗುತ್ತದೆ. ಬೇಕಿದ್ದರೆ ಪೂರ್ತಿ ಟ್ರಿಗರ್ ಬದಲಿಸಿ. ಅದು ಮೂಲ ಪಿನ್ನಿಗೇ ಕೂರುತ್ತದೆ. ಎಳೆತ 1.5 ಕಿಲೋ ಆಸುಪಾಸಿನಲ್ಲಿರಲಿ, ಅದಕ್ಕಿಂತ ಇಳಿಸಿದರೆ ಚಳಿಗೆ ಮರಗಟ್ಟಿದ ಬೆರಳು ಲೆಕ್ಕ ತಪ್ಪುತ್ತದೆ. ಹೊಸ ಟ್ರಿಗರಿನ ಪೆಟ್ಟಿಗೆ ಹಳೆಯದಕ್ಕಿಂತ ದಪ್ಪ. ಮರ ಅದಕ್ಕೆ ತಾಗಿದರೆ ಮಳೆಗಾಲದಲ್ಲಿ ಉಬ್ಬಿ ಟ್ರಿಗರನ್ನು ಒತ್ತುತ್ತದೆ. ಖಾಲಿ ರೈಫಲಿನಲ್ಲಿ ಪರೀಕ್ಷೆ ಹೀಗೆ: ಬೋಲ್ಟನ್ನು ಹತ್ತಾರು ಸಲ ಜೋರಾಗಿ ಬಡಿದು ಮುಚ್ಚಿ, ಹಿಂತುದಿಯನ್ನು ರಬ್ಬರ್ ಚಾಪೆಯ ಮೇಲೆ ಕುಟ್ಟಿ, ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಎಳೆದು ಬಿಟ್ಟು ಸೇಫ್ಟಿ ತೆಗೆಯಿರಿ. ಈ ಮೂರರಲ್ಲಿ ಒಮ್ಮೆ ಪಿನ್ ಬಿದ್ದರೂ ಆ ಟ್ರಿಗರ್ ಕೆಲಸಕ್ಕೆ ಬಾರದು.

ಸ್ಕೋಪ್ ಬೇಸಿಗೆ ಮೊದಲು ರಿಸೀವರಿನ ಹಿಂದಿನ ಸೇತುವೆಯಂಥ ಭಾಗದ ಮೇಲಿನ, ಕ್ಲಿಪ್ ಹಿಡಿಯುವ ಉಬ್ಬನ್ನು ಗ್ರೈಂಡರಿನಲ್ಲಿ ಇಳಿಸಬೇಕು. ಅಲ್ಲಿ ಮುಖ್ಯ ಒತ್ತಡ ಬೀಳುವುದಿಲ್ಲ, ಧೈರ್ಯವಾಗಿ ಇಳಿಸಬಹುದು. ಅರ ಮಾತ್ರ ಆ ಗಡಸಿನ ಮೇಲೆ ಜಾರುತ್ತದೆ. ಸಾಮಾನ್ಯವಾಗಿ ಬಳಸುವುದು 6-48 (6 ನಂಬರ್ ದಪ್ಪ, ಇಂಚಿಗೆ 48 ಸುತ್ತು) ಸ್ಕ್ರೂ, ಟ್ಯಾಪಿಗೆ ಮುನ್ನ 3.05 ಮಿ.ಮೀ. ತೂತು. ಮಾಮೂಲಿ ಡ್ರಿಲ್ ಬಿಟ್ ಗಡಸು ಚರ್ಮದ ಮೇಲೆ ಅಲೆದಾಡಿ ತೂತು ಪಕ್ಕಕ್ಕೆ ಸರಿಯುತ್ತದೆ, ಟ್ಯಾಪ್ ಮುರಿದು ಒಳಗೇ ಉಳಿಯುತ್ತದೆ. ತೂತಿನ ಜಾಗದಷ್ಟೇ ಚರ್ಮವನ್ನು ಸಣ್ಣ ಗ್ರೈಂಡಿಂಗ್ ಕಲ್ಲಿನಿಂದ ತೆಗೆದು, ಇಲ್ಲವೇ ಕಾರ್ಬೈಡ್ ಬಿಟ್ಟಿನಿಂದ ಶುರು ಮಾಡಿ. ಮುಂದಿನ ಉಂಗುರವನ್ನು ಟಾರ್ಚಿನಲ್ಲಿ ಕಾಯಿಸಿ ಮೆತ್ತಗೆ ಮಾಡುವ ಸಲಹೆ ಎಲ್ಲಾದರೂ ಕಂಡರೆ ಕೇಳಬೇಡಿ. ಅದರ ಅಡಿಯಲ್ಲೇ ಲಗ್‌ಗಳು ಕೂರುವುದು.

ತೂತುಗಳು ನಳಿಗೆಯ ನಡುರೇಖೆಗೆ ಸರಿಯಾಗಿ ಬರಬೇಕು, ಕಣ್ಣಳತೆ ಇಲ್ಲಿ ನಡೆಯದು. ಮುಂದಿನ ಹಿಂದಿನ ಬೇಸುಗಳ ನಡುವೆ ಸುಮಾರು 130 ಮಿ.ಮೀ. ಇದೆ ಎಂದಿಟ್ಟುಕೊಳ್ಳಿ. ಒಂದು ಕಡೆ ಕಾಲು ಮಿಲಿಮೀಟರ್ ಸರಿದರೆ 100 ಮೀಟರಿನಲ್ಲಿ ಗುರಿ ಸುಮಾರು 19 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಕ್ಲಿಕ್ಕಿಗೆ ಕಾಲು ಮಿನಿಟು (ಡಿಗ್ರಿಯ 60ನೇ ಒಂದು ಭಾಗದ ಕಾಲು) ತಿರುಗುವ ಸ್ಕೋಪಿನಲ್ಲಿ 26-27 ಕ್ಲಿಕ್ ಅದಕ್ಕೇ ಖರ್ಚು. ಅದಕ್ಕೇ ಬೋಲ್ಟ್ ದಾರಿಯನ್ನು ಆಧಾರ ಮಾಡಿಕೊಂಡ ಡ್ರಿಲ್ ಜಿಗ್ ಇರುವವರ ಬಳಿ ಕೊಡಿ. ಇನ್ನೊಂದು ಸಣ್ಣ ವಿಷಯ: ಮುಂದಿನ ಉಂಗುರದ ಮುಂತೂತು ನಳಿಗೆ ಥ್ರೆಡ್ಡಿನ ಮೇಲೆ, ಹಿಂತೂತು ಲಗ್ ತಿರುಗುವ ಜಾಗದ ಮೇಲೆ ಬರುತ್ತದೆ. ಸ್ಕ್ರೂ ಉದ್ದವಾದರೆ ಒಂದು ನಳಿಗೆಯನ್ನು ಒತ್ತುತ್ತದೆ, ಇನ್ನೊಂದು ಲಗ್ಗಿಗೆ ತಡೆಯೊಡ್ಡುತ್ತದೆ. ಬೇಸು ಬಿಗಿದ ಮೇಲೆ ಬೋಲ್ಟ್ ಮುಚ್ಚುವುದು ಹಿಂದಿಗಿಂತ ಬಿಗಿಯಾಯಿತೆಂದರೆ ಸ್ಕ್ರೂ ತುದಿ ಅರದಲ್ಲಿ ಗಿಡ್ಡ ಮಾಡಿ.

ಇಲ್ಲಿಂದ ಮುಂದಿನದು ನಿಮ್ಮ ವರ್ಕ್‌ಶಾಪಿನ ಪಾಲು, ತಾಳ್ಮೆ ಇದ್ದರೆ ಗನ್‌ಸ್ಮಿತ್‌ನಷ್ಟೇ ಚೆನ್ನಾಗಿ ಮಾಡಬಹುದು. ಕತ್ತರಿಸಿದ ಸೇನಾ ಸ್ಟಾಕನ್ನು ತೇಪೆ ಹಾಕುತ್ತಾ ಕೂರಬೇಡಿ, ನಳಿಗೆ ಕೂರುವ ಅದರ ತೋಡು ಹೊಸ ನಳಿಗೆಗೆ ಹೊಂದುವುದಿಲ್ಲ, ಸ್ಕೋಪಿಗೆ ಕೆನ್ನೆ ಒರಗಿಸಲು ಎತ್ತರವೂ ಸಾಲದು. ಅಕ್ರೋಟ್ ಮರದ, ಅರ್ಧ ಕೆತ್ತಿದ ಸ್ಟಾಕ್ ತೆಗೆದುಕೊಳ್ಳಿ. ಎಳೆಗಳು ಹಿಡಿತದ ಬಳಿ ಉದ್ದುದ್ದ ಸಾಗಿರಲಿ, ಅಡ್ಡ ಎಳೆ ಬಂದರೆ ಅಲ್ಲೇ ಮುರಿಯುತ್ತದೆ. ಲೋಹಕ್ಕೆ ಕಪ್ಪು ಬಣ್ಣ ತೆಳುವಾಗಿ ಸವರಿ, ಮರಕ್ಕೆ ಒತ್ತಿ ತೆಗೆದು, ಕಪ್ಪು ಹತ್ತಿದ ಕಡೆ ಮಾತ್ರ ಉಳಿಯಿಂದ ಕೆರೆಯುತ್ತಾ ಇಳಿಸುವುದು. ದಿನಕ್ಕೆ ಒಂದೆರಡು ಮಿಲಿಮೀಟರ್ ಇಳಿದರೆ ಒಳ್ಳೆಯ ವೇಗವೇ.

ಗುಂಡಿನ ಹಿಂದೂಡುವ ಬಲವೆಲ್ಲ ರಿಸೀವರಿನ ಅಡಿಯ ರಿಕಾಯಿಲ್ ಲಗ್‌ನ ಹಿಂಬದಿಗೆ ಬರಬೇಕು. ರಿಸೀವರಿನ ಹಿಂತುದಿಯಾದ ಬಾಲದ ಹಿಂದೆ ಮರದಲ್ಲಿ ಒಂದು ಮಿಲಿಮೀಟರಾದರೂ ಸಂದು ಬಿಡಿ. ಬಿಡದಿದ್ದರೆ ಬಾಲ ಬೆಣೆಯಂತೆ ನುಗ್ಗಿ ಹಿಡಿತದ ಬಳಿ ಮರ ಸೀಳುತ್ತದೆ. ಸೀಳಿದ ಹಳೆಯ ಸ್ಟಾಕುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ. ರಿಕಾಯಿಲ್ ಲಗ್ ಸುತ್ತ ಇಪಾಕ್ಸಿ ಬೆಡ್ಡಿಂಗ್ (ಲೋಹ ಮರದಲ್ಲಿ ಅಲ್ಲಾಡದೆ ಕೂರುವ ಅಂಟಿನ ಹಾಸು) ಮಾಡಿ: ಲಗ್‌ನ ಮುಂಬದಿ, ಪಕ್ಕ, ತಳಕ್ಕೆ ಒಂದು ಪದರ ಟೇಪ್ ಅಂಟಿಸಿ, ಹಿಂಬದಿ ಬರಿದಾಗಿಡಿ. ಎಲ್ಲ ತೂತು, ಥ್ರೆಡ್, ತೋಡುಗಳಿಗೆ ಮಾಡೆಲಿಂಗ್ ಮಣ್ಣು ತುಂಬಿ. ಲೋಹದ ಮೇಲೆ ಅಂಟು ಬಿಡಿಸುವ ಮೇಣವನ್ನು ಎರಡು ಸಲ ಹಚ್ಚಿ. ಈ ಮೇಣ ಒಂದು ಬೆರಳಗಲ ತಪ್ಪಿದರೂ ರಿಸೀವರ್ ಮರಕ್ಕೇ ಅಂಟಿಕೊಂಡುಬಿಡಬಹುದು, ಅದನ್ನು ಬಿಡಿಸಲು ಮರ ಒಡೆಯಬೇಕಾದೀತು. ಹಿಂದಿನ ಸ್ಕ್ರೂ ಹಾದುಹೋಗುವ ಉಕ್ಕಿನ ಕೊಳವೆ ಹಳೆಯ ರೈಫಲುಗಳಲ್ಲಿ ಎಷ್ಟೋ ಸಲ ಕಳೆದುಹೋಗಿರುತ್ತದೆ. ಇಲ್ಲದಿದ್ದರೆ ಹೊಸದು ಹಾಕಿ, ಇಲ್ಲವಾದರೆ ಸ್ಕ್ರೂ ಬಿಗಿದಷ್ಟೂ ಮರ ನುಗ್ಗಾಗಿ ಗುರಿ ಕದಲುತ್ತದೆ. ತೋಟಾ ಪೆಟ್ಟಿಗೆಯ ಮೇಲಂಚು ರಿಸೀವರಿಗೆ ಒತ್ತಿ ನಿಲ್ಲಬಾರದು. ಕಾಲು ಮಿಲಿಮೀಟರ್ ಸಂದು ಇದ್ದರೆ ಸ್ಕ್ರೂಗಳ ಬಿಗಿ ಮರದ ಮೇಲೆಯೇ ಬೀಳುತ್ತದೆ. ಬಿಗಿ 4ರಿಂದ 5 ನ್ಯೂಟನ್ ಮೀಟರ್, ಮೊದಲು ಮುಂದಿನದು, ಆಮೇಲೆ ಹಿಂದಿನದು. ನಳಿಗೆಯ ಅಡಿಯಲ್ಲಿ ಮಡಿಸಿದ ಕಾಗದ ತುದಿಯಿಂದ ಚೇಂಬರ್ ಮುಂದಿನವರೆಗೂ ತಡೆಯಿಲ್ಲದೆ ಜಾರಬೇಕು.

ಬಣ್ಣ, ಅಂದರೆ ಲೋಹವನ್ನು ಕಪ್ಪಾಗಿಸುವ ಬ್ಲೂಯಿಂಗ್, ಕೊನೆಗೆ. ಬಿಸಿ ಕಾಸ್ಟಿಕ್ ಬ್ಲೂಯಿಂಗ್ ಬೇಗ ಆಗುತ್ತದೆ, ಆದರೆ ಸುಮಾರು 140 ಡಿಗ್ರಿಯ ಆ ಕ್ಷಾರ ಅಲ್ಯೂಮಿನಿಯಂ ಬಿಡಿಭಾಗಗಳನ್ನು ಕರಗಿಸಿಬಿಡುತ್ತದೆ, ತವರದ ಬೆಸುಗೆಯನ್ನೂ ತಿನ್ನುತ್ತದೆ. ಬೆಸುಗೆ ಹಾಕಿದ ಗುರಿಕಡ್ಡಿ ಇಟ್ಟುಕೊಳ್ಳುವುದಾದರೆ ತುಕ್ಕು ಬ್ಲೂಯಿಂಗೇ ಸರಿ: ಜಿಡ್ಡು ತೆಗೆದು ದ್ರಾವಣ ಸವರಿ, ತೇವದ ಪೆಟ್ಟಿಗೆಯಲ್ಲಿ ಸಮನಾಗಿ ತುಕ್ಕು ಹಿಡಿಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಕಪ್ಪಾದ ಪುಡಿಯನ್ನು ಜಿಡ್ಡಿಲ್ಲದ ಸ್ಟೀಲ್ ವುಲ್‌ನಿಂದ ಉಜ್ಜಿ. ಆರೆಂಟು ಸುತ್ತು ಬೇಕು. ಬರಿಗೈ ತಾಗಿದ ಕಡೆ ಮಚ್ಚೆ ಉಳಿಯುತ್ತದೆ. ಅದಕ್ಕೆ ಮುಂಚಿನ ಪಾಲಿಶಿನಲ್ಲಿ ಎಮರಿ ಕಾಗದವನ್ನು ಗಟ್ಟಿ ಮರದ ತುಂಡಿಗೆ ಸುತ್ತಿಯೇ ಬಳಸಿ. ಬಟ್ಟೆಯ ಚಕ್ರ ಅಂಚುಗಳನ್ನು ಮೊಂಡು ಮಾಡಿ ಸ್ಕ್ರೂ ತೂತುಗಳನ್ನು ತಟ್ಟೆಯಂತೆ ಬಗ್ಗಿಸುತ್ತದೆ. ಮೌಸರಿನ ಗಡಸು ರಿಸೀವರ್ ಕೆಲವೊಮ್ಮೆ ಕಪ್ಪಾಗದೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದು ಕೆಲಸದ ದೋಷವಲ್ಲ.

ಮೊದಲ ಗುಂಡುಗಳನ್ನು ಭುಜಕ್ಕಿಟ್ಟು ಹಾರಿಸಬೇಡಿ. ರೈಫಲನ್ನು ಗಟ್ಟಿಯಾಗಿ ಕಟ್ಟಿ, ಗೋಡೆಯ ಮರೆಯಿಂದ ಟ್ರಿಗರಿಗೆ ಹಗ್ಗ ಕಟ್ಟಿ ಎಳೆಯಿರಿ. ಕಾರ್ಖಾನೆಯ ಮಾಮೂಲಿ ತೋಟಾ ಸಾಕು. ತೋಟಾವನ್ನು ಯಾವಾಗಲೂ ಪೆಟ್ಟಿಗೆಗೆ ಹಾಕಿ ತುಂಬಿ, ಚೇಂಬರಿಗೆ ನೇರ ಬಿಟ್ಟು ಬೋಲ್ಟ್ ತಳ್ಳಬೇಡಿ. ಈ ಉದ್ದನೆಯ ಎಕ್ಸ್‌ಟ್ರಾಕ್ಟರನ್ನು ಮಾಡಿರುವುದು ಕೆಳಗಿನಿಂದ ಏರಿಬರುವ ತೋಟಾದ ಅಂಚು ಅದರೊಳಗೆ ಜಾರಿಕೊಳ್ಳಲಿ ಎಂದು, ಅಂಚಿನ ಮೇಲೆ ಹಾರಿ ಕೂರಲಿ ಎಂದಲ್ಲ. ಹಾರಿಸಿದ ಕೇಸುಗಳನ್ನು ಬೆಳಕಿಗೆ ಹಿಡಿದು ನೋಡಿ. ಬುಡದಿಂದ ಸುಮಾರು 10 ಮಿ.ಮೀ. ಮೇಲೆ ಹೊಳೆಯುವ ಉಂಗುರ ಕಂಡರೆ ಹಿತ್ತಾಳೆ ಅಲ್ಲಿ ಎಳೆದು ತೆಳುವಾಗಿದೆ, ಹೆಡ್‌ಸ್ಪೇಸ್ ಮತ್ತೆ ಅಳೆಸಿ. ಪ್ರೈಮರ್ ಹಿಂದಕ್ಕೆ ಉಬ್ಬಿದ್ದರೆ, ಚಪ್ಪಟೆಯಾಗಿ ಅಂಚು ತುಂಬಿದ್ದರೆ, ಬೋಲ್ಟ್ ಎತ್ತಲು ಬಲ ಬೇಕಾದರೆ ಅಲ್ಲಿಗೇ ನಿಲ್ಲಿಸಿ. ಇಪ್ಪತ್ತು ಗುಂಡುಗಳ ನಂತರ ಎಲ್ಲ ಬಿಚ್ಚಿ ಲಗ್ ಗೋಡೆಯನ್ನು ಮತ್ತೆ ಬೆರಳುಗುರಿನಲ್ಲಿ ಸವರಿ ನೋಡಿ, ಹೆಡ್‌ಸ್ಪೇಸ್ ಗೇಜನ್ನೂ ಹಾಕಿ ನೋಡಿ. ಎರಡೂ ಮೊದಲಿನಂತೇ ಇದ್ದರೆ ಬೋಲ್ಟ್ ತೆಗೆದು ನಳಿಗೆಯೊಳಗಿನಿಂದ 25 ಮೀಟರಿನ ಗುರಿಯನ್ನು ನೋಡಿ ಸ್ಕೋಪಿನ ಗೆರೆಗಳನ್ನು ಅದಕ್ಕೆ ಸರಿಹೊಂದಿಸಿ, ಆಮೇಲೆ 100 ಮೀಟರಿಗೆ ಹೋಗಿ.